ಫ್ಲಟರ್ ಜೊತೆ ಆರು ವರ್ಷ: ಒಂದು ಸ್ಟಾರ್ ಎಲ್ಲಿ ಹೋಯಿತು?

ಫ್ಲಟರ್ ಅಂದರೆ ಒಂದೇ ಕೋಡಿನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಮಾಡಲು ಗೂಗಲ್ ಕೊಟ್ಟಿರುವ ಸಾಧನ. ಅದರ 1.0 ಆವೃತ್ತಿ ಬಂದಿದ್ದು 2018ರ ಡಿಸೆಂಬರ್‌ನಲ್ಲಿ. ನಾನು ಅದಕ್ಕೆ ಕೈ ಹಾಕಿದ್ದು ಮೂರ್ನಾಲ್ಕು ತಿಂಗಳ ನಂತರ. ಅಲ್ಲಿಂದ ಐದು ಆ್ಯಪ್ ಮಾಡಿದ್ದೇನೆ. ಎರಡನ್ನು ನಾನೇ ನಿಲ್ಲಿಸಿದೆ, ಮೂರು ಇನ್ನೂ ಜನರ ಫೋನಿನಲ್ಲಿವೆ. ಕೋಡ್ ಬರೆಯುವುದು, ಟೆಸ್ಟ್ ಮಾಡುವುದು, ಬಳಕೆದಾರರ ಬೈಗುಳ ಓದುವುದು ಎಲ್ಲಾ ನಾನೊಬ್ಬನೇ. ದೊಡ್ಡ ತಂಡದಲ್ಲಿ ಇರುವವರ ಲೆಕ್ಕ ಬೇರೆ ಇರಬಹುದು.

ಮೊದಲ ತಿಂಗಳೇ ಈ ವಿಮರ್ಶೆ ಬರೆದಿದ್ದರೆ ಕಣ್ಣು ಮುಚ್ಚಿ ಐದಕ್ಕೆ ಐದು ಕೊಡುತ್ತಿದ್ದೆ. ಈಗ ನಾಲ್ಕು.

ಆ ಐದಕ್ಕೆ ಕಾರಣ ಹಾಟ್ ರೀಲೋಡ್. ಅದಕ್ಕೂ ಮೊದಲು ಒಂದು ಬಟನ್ನಿನ ಬಣ್ಣ ಬದಲಿಸಿದರೂ ಬಿಲ್ಡ್ ಒತ್ತಿ, ಕೋಡು ಆ್ಯಪ್ ಆಗುವವರೆಗೆ ಕಾಯಬೇಕಿತ್ತು. ಆ್ಯಪ್ ಮತ್ತೆ ಮೊದಲಿಂದ ತೆರೆದುಕೊಳ್ಳುತ್ತಿತ್ತು. ನಾಲ್ಕನೇ ಪುಟದ ಫಾರ್ಮ್ ನೋಡಬೇಕಿದ್ದರೆ ಮತ್ತೆ ಲಾಗಿನ್, ಮತ್ತೆ ಮೂರು ಪುಟ ದಾಟುವುದು. ಇಲ್ಲಿ ಹಾಗಿಲ್ಲ. ಫೈಲ್ ಸೇವ್ ಮಾಡಿ ಪಕ್ಕದ ಫೋನ್ ನೋಡುವಷ್ಟರಲ್ಲಿ ಬಣ್ಣ ಬದಲಾಗಿರುತ್ತದೆ. ಫಾರ್ಮ್‌ನಲ್ಲಿ ಅರ್ಧ ತುಂಬಿಸಿದ ಹೆಸರೂ ಅಲ್ಲೇ ಇರುತ್ತದೆ. ಆರು ವರ್ಷವಾದರೂ ನನಗೆ ಇದು ಹಳತಾಗಿಲ್ಲ.

ಅದರಲ್ಲೂ ಒಂದು ಕಿತಾಪತಿ ಇದೆ. ಹಾಟ್ ರೀಲೋಡ್ ಹಳೆಯ ಸ್ಥಿತಿಯನ್ನು ಉಳಿಸಿಕೊಳ್ಳುತ್ತದೆ ಅಂದೆನಲ್ಲ, ಹಾಗಾಗಿ ಇನಿಟ್‌ಸ್ಟೇಟ್ (ಪುಟ ಮೊದಲು ತೆರೆದಾಗ ಒಂದೇ ಸಲ ಓಡುವ ಭಾಗ) ಒಳಗೆ ಬರೆದದ್ದು ಮತ್ತೆ ಓಡುವುದಿಲ್ಲ. ನಾನು ಅಲ್ಲಿ ಒಂದು ಸಾಲು ತಿದ್ದಿ, ಏನೂ ಬದಲಾಗದ್ದನ್ನು ನೋಡಿ, ಸರಿಯಾಗಿದ್ದ ಕೋಡನ್ನೇ ಒಂದು ಗಂಟೆ ಕೆದಕಿದ್ದೇನೆ. ಆ್ಯಪನ್ನು ಮೊದಲಿಂದ ಓಡಿಸುವ ಹಾಟ್ ರೀಸ್ಟಾರ್ಟ್ ಒತ್ತಿದ್ದರೆ ಮುಗಿಯುತ್ತಿತ್ತು. ಹೊಸಬರಿಗೆ ಯಾರೂ ಇದನ್ನು ಮೊದಲೇ ಹೇಳುವುದಿಲ್ಲ, ಅಲ್ವಾ?

ಫ್ಲಟರ್ ಫೋನಿನ ಸ್ವಂತ ಬಟನ್‌ಗಳನ್ನು ಬಳಸುವುದಿಲ್ಲ. ಪರದೆಯ ಮೇಲಿನ ಎಲ್ಲವನ್ನೂ ತಾನೇ ಚಿತ್ರಿಸುತ್ತದೆ. ಇದರ ಲಾಭ ಅಂದರೆ ಆಂಡ್ರಾಯ್ಡ್‌ನಲ್ಲೂ ಐಫೋನ್‌ನಲ್ಲೂ ಆ್ಯಪ್ ಒಂದೇ ಥರ ಕಾಣುತ್ತದೆ. ನಷ್ಟ ಅಂದರೆ ಆ ಚಿತ್ರ ಬಿಡಿಸುವ ಎಂಜಿನ್ನನ್ನು ಪ್ರತಿ ಆ್ಯಪ್ ಹೊತ್ತುಕೊಂಡೇ ಹೋಗಬೇಕು. ಹಾಗಾಗಿ ಏನೂ ಇಲ್ಲದ ಖಾಲಿ ಆ್ಯಪ್ ಕೂಡ ಕೆಲವು ಎಂಬಿ ತೂಗುತ್ತದೆ. ಶುರುವಿನ ವರ್ಷಗಳಲ್ಲಿ ಅನಿಮೇಶನ್ ಮೊದಲ ಸಲ ಓಡುವಾಗ ತಡವರಿಸುತ್ತಿತ್ತು. 2023ರಲ್ಲಿ ಐಫೋನಿಗೆ ಇಂಪೆಲ್ಲರ್ ಎಂಬ ಹೊಸ ಎಂಜಿನ್ ಬಂದ ಮೇಲೆ ಅಲ್ಲಿ ಆ ಮಾತು ನಿಂತಿತು.

ಲೇಔಟ್ ತಪ್ಪಿದರೆ ಪರದೆಯ ಅಂಚಿನಲ್ಲಿ ಹಳದಿ-ಕಪ್ಪು ಪಟ್ಟೆ ಬರುತ್ತದೆ, ಎಷ್ಟು ಪಿಕ್ಸೆಲ್ ಹೊರಗೆ ಹೋಗಿದೆ ಎಂಬ ಲೆಕ್ಕದ ಸಮೇತ. ನನಗೆ ಈ ಪಟ್ಟೆ ಇಷ್ಟ. ಆದರೆ ಇದು ಡೀಬಗ್‌ನಲ್ಲಿ, ಅಂದರೆ ನಾವು ಬರೆಯುತ್ತಾ ಪರೀಕ್ಷಿಸುವಾಗ ಮಾತ್ರ ಕಾಣುತ್ತದೆ. ಬಿಡುಗಡೆಯಾದ ಆ್ಯಪ್‌ನಲ್ಲಿ ಪಟ್ಟೆ ಇರುವುದಿಲ್ಲ, ಸೇವ್ ಬಟನ್ನೇ ಅರ್ಧ ಕತ್ತರಿಸಿ ಹೋಗಿರುತ್ತದೆ. ಕಣ್ಣು ಮಂಜಾದವರು ಫೋನಿನ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ, ನಾವು ಸಣ್ಣ ಅಕ್ಷರದಲ್ಲಿ ಮಾತ್ರ ನೋಡಿರುತ್ತೇವೆ. ಒಬ್ಬ ಬಳಕೆದಾರರು ಚಿತ್ರ ಕಳಿಸುವವರೆಗೆ ನನಗೆ ಇದು ಗೊತ್ತೇ ಇರಲಿಲ್ಲ. ಈಗ ಅಕ್ಷರವನ್ನು ಪೂರ್ತಿ ದೊಡ್ಡದು ಮಾಡಿ ಎಲ್ಲ ಪುಟ ತಿರುವಿ ನೋಡದೆ ಏನನ್ನೂ ಬಿಡುಗಡೆ ಮಾಡುವುದಿಲ್ಲ.

ಇನ್ನು ಆ ಹೋದ ಸ್ಟಾರ್‌ನ ವಿಷಯ.

ನನ್ನ ಆ್ಯಪ್‌ಗಳಲ್ಲಿ ಒಂದು ಸರಕಿನ ಲೆಕ್ಕ ಇಡುವಂಥದ್ದು. ಬಾರ್‌ಕೋಡ್ ಓದುತ್ತದೆ, ಎಷ್ಟು ಉಳಿದಿದೆ ಹೇಳುತ್ತದೆ, ಅಷ್ಟೇ. ಅದನ್ನು 14 ತಿಂಗಳು ಮುಟ್ಟಿರಲಿಲ್ಲ. ಕೆಲಸ ಮಾಡುತ್ತಿತ್ತಲ್ಲ, ಸುಮ್ನೆ ಯಾಕೆ ಮುಟ್ಟೋದು? ಆಮೇಲೆ ಯಾರೋ ದಿನಾಂಕ ತಿಂಗಳಿಂದ ಶುರುವಾಗುತ್ತಿದೆ, ದಿನದಿಂದ ಶುರುವಾಗಲಿ ಅಂದರು. ಒಂದು ಸಾಲಿನ ಕೆಲಸ. ಎರಡು ದಿನ ಹಿಡಿಯಿತು.

ಆಗಿದ್ದು ಇಷ್ಟು. ಆಂಡ್ರಾಯ್ಡ್ ಆ್ಯಪ್‌ಗಳನ್ನು ಸ್ಟೋರ್‌ಗೆ ಹಾಕಬೇಕಾದರೆ ಅವು ಇತ್ತೀಚಿನ ಆವೃತ್ತಿಯನ್ನೇ ಗುರಿಯಾಗಿ ಇಟ್ಟುಕೊಂಡಿರಬೇಕು. ಆ ಮಿತಿ ವರ್ಷ ವರ್ಷ ಮೇಲೇರುತ್ತದೆ. ಅದಕ್ಕೆ ಹೊಸ ಎಸ್‌ಡಿಕೆ (ಆ್ಯಪ್ ಮಾಡುವ ಸಲಕರಣೆಗಳ ಕಟ್ಟು) ಬೇಕು. ಹೊಸ ಎಸ್‌ಡಿಕೆಗೆ ಆಂಡ್ರಾಯ್ಡ್ ಬಿಲ್ಡ್ ನಡೆಸುವ ಹೊಸ ಗ್ರೇಡಲ್ ಪ್ಲಗಿನ್. ಅದಕ್ಕೆ ಆಂಡ್ರಾಯ್ಡ್ ಭಾಷೆಗಳಾದ ಜಾವಾ, ಕಾಟ್ಲಿನ್‌ಗಳ ಹೊಸ ಆವೃತ್ತಿ. ಒಂದನ್ನು ಎಳೆದರೆ ಇನ್ನೊಂದು ಬಿಚ್ಚಿಕೊಳ್ಳುತ್ತದೆ. 2023ರಲ್ಲಿ ಬಂದ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.0ರಿಂದ ಆ್ಯಪ್‌ನ ಪ್ರತಿ ಮಾಡ್ಯೂಲ್ ತನ್ನ ನೇಮ್‌ಸ್ಪೇಸ್, ಅಂದರೆ ಗುರುತಿನ ಹೆಸರು, ಯಾವುದು ಅಂತ ತನ್ನ ಬಿಲ್ಡ್ ಫೈಲಿನಲ್ಲೇ ಬರೆದಿರಬೇಕು. ನಾನು ಬಳಸಿದ್ದ ಬಾರ್‌ಕೋಡ್ ಪ್ಲಗಿನ್‌ನಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಆ ಸಾಲು ಇರಲಿಲ್ಲ. ಅದನ್ನು ಬರೆದವರು ಎರಡು ವರ್ಷದಿಂದ ಅತ್ತ ಸುಳಿದಿರಲಿಲ್ಲ. ಅವರ ಪುಟದಲ್ಲಿ ನನ್ನಂಥವರು ಸಾಲುಗಟ್ಟಿ ನಿಂತು ಇದೇ ದೂರು ಹಾಕಿದ್ದರು, ಒಂದಕ್ಕೂ ಉತ್ತರವಿಲ್ಲ. ಅವರನ್ನು ಬೈಯಲೂ ಮನಸ್ಸು ಬರಲಿಲ್ಲ. ಬಿಟ್ಟಿಯಾಗಿ ಬರೆದು ಕೊಟ್ಟವರು.

ಕೊನೆಗೆ ಪ್ಲಗಿನ್ ಪೂರ್ತಿ ನನ್ನ ಫೋಲ್ಡರ್‌ಗೇ ಕಾಪಿ ಮಾಡಿದೆ, ನೇಮ್‌ಸ್ಪೇಸ್ ಸಾಲು ಸೇರಿಸಿದೆ, ಯಾವ ಪ್ಲಗಿನ್ ಎಲ್ಲಿಂದ ಅಂತ ಬರೆಯುವ ಪಬ್‌ಸ್ಪೆಕ್ ಫೈಲಿನಲ್ಲಿ ದಾರಿಯನ್ನು ಆ ಫೋಲ್ಡರ್‌ಗೆ ತಿರುಗಿಸಿದೆ. ಬಿಲ್ಡ್ ಆಯಿತು. ಇಷ್ಟರ ನಡುವೆ ಸಲಕರಣೆಗಳೆಲ್ಲ ಸರಿಯಿವೆಯೇ ಅಂತ ನೋಡುವ ಫ್ಲಟರ್ ಡಾಕ್ಟರ್ ಓಡಿಸಿದಾಗಲೆಲ್ಲ ಎಲ್ಲದಕ್ಕೂ ಹಸಿರು ಟಿಕ್. ಡಾಕ್ಟರು ಏನೂ ಇಲ್ಲ ಅಂತಾರೆ, ರೋಗಿ ಎದ್ದೇಳುತ್ತಿಲ್ಲ!

ಇಂಥ ಅಲೆ ಇದು ಮೊದಲನೆಯದೇನಲ್ಲ. 2021ರಲ್ಲಿ ಫ್ಲಟರ್‌ನ ಭಾಷೆಯಾದ ಡಾರ್ಟ್ 2.12 ಜೊತೆ ನಲ್ ಸೇಫ್ಟಿ ಬಂತು, ಅಂದರೆ ಯಾವುದು ಖಾಲಿ ಇರಬಹುದೋ ಅದಕ್ಕೆ ಪ್ರಶ್ನೆ ಚಿಹ್ನೆ ಹಾಕಿ ಮೊದಲೇ ಹೇಳಬೇಕು. 2023ರ ಡಾರ್ಟ್ 3ರಲ್ಲಿ ಅದು ಕಡ್ಡಾಯವಾಯಿತು. ನಾನು ಕೋಡಿನ ತುಂಬ ಪ್ರಶ್ನೆ ಚಿಹ್ನೆ ಹಾಕುತ್ತಾ ಒಂದು ವಾರ ಕೂತೆ. ಆ ವಾರ ಮಾತ್ರ ದಂಡವಾಗಲಿಲ್ಲ ಅಂತ ನನ್ನ ಅಭಿಪ್ರಾಯ. ಬೆಲೆ ಖಾಲಿ ಬಿಟ್ಟಾಗ ಆ್ಯಪ್ ಕುಸಿಯುತ್ತಿದ್ದ ಒಂದು ಹಳೆಯ ಬಗ್ ಆಗಲೇ ಸಿಕ್ಕಿಬಿದ್ದದ್ದು.

ಐಫೋನ್ ಕಡೆ ಜಾಸ್ತಿ ಹೇಳುವುದಿಲ್ಲ. ಕೋಡ್ ಒಂದೇ ಆದರೂ ಐಫೋನಿಗೆ ಬಿಲ್ಡ್ ಮಾಡಲು ಆ್ಯಪಲ್‌ನ ಎಕ್ಸ್‌ಕೋಡ್ ತಂತ್ರಾಂಶ ಬೇಕು, ಎಕ್ಸ್‌ಕೋಡ್ ಓಡಲು ಮ್ಯಾಕ್ ಬೇಕು. ಫ್ಲಟರ್ ಕಲಿತರೆ ಮ್ಯಾಕ್ ಬೇಡ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಕ್ಯಾಮೆರಾ, ಬ್ಲೂಟೂತ್ ಅಂತ ಫೋನಿನ ಒಳಭಾಗವನ್ನೇ ಜಾಸ್ತಿ ಮುಟ್ಟುವ ಆ್ಯಪ್ ಆದರೆ ನಾನು ಇವತ್ತು ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ನೇರವಾಗಿ ಕಾಟ್ಲಿನ್‌ನಲ್ಲೇ ಬರೆಯುತ್ತೇನೆ. ಪಟ್ಟಿ, ಫಾರ್ಮ್, ಲೆಕ್ಕ, ವರದಿ ಈ ಥರದ್ದಾದರೆ ಈಗಲೂ ಫ್ಲಟರ್ರೇ.

ಬಾರ್‌ಕೋಡ್ ಪ್ರಸಂಗದ ನಂತರ ಮೂರೂ ಆ್ಯಪ್‌ಗಳನ್ನು ತೆರೆದು ಪ್ಲಗಿನ್ ಎಣಿಸಿದೆ. ಒಂದರಲ್ಲೇ 23 ಇದ್ದವು. ಒಂದು ದಿನಾಂಕ ತೋರಿಸಲು, ಇನ್ನೊಂದು ಸುತ್ತುವ ಚಕ್ರ ತೋರಿಸಲು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಪ್ಪತ್ತು ಸಾಲಿನಲ್ಲಿ ನಾನೇ ಬರೆಯಬಹುದಾದಂಥವು. ಕಿತ್ತು ಕಿತ್ತು 9ಕ್ಕೆ ಇಳಿಸಿದೆ. ಪ್ರತಿ ಪ್ರಾಜೆಕ್ಟ್ ಯಾವ ಫ್ಲಟರ್ ಆವೃತ್ತಿಯಲ್ಲಿ ಬಿಲ್ಡ್ ಆಗುತ್ತದೆ ಎಂಬುದನ್ನು ಫ್ಲಟರ್ ಆವೃತ್ತಿಗಳನ್ನು ನೋಡಿಕೊಳ್ಳುವ ಎಫ್‌ವಿಎಂ ಎಂಬ ಉಪಕರಣದಿಂದ ಕಟ್ಟಿ ಹಾಕಿದ್ದೇನೆ. ಮೂರು ತಿಂಗಳಿಗೊಮ್ಮೆ ಏನೂ ಕೆಲಸ ಇಲ್ಲದಿದ್ದರೂ ತೆರೆದು ಬಿಲ್ಡ್ ಒತ್ತುತ್ತೇನೆ. ಕಳೆದ ಸಲ ಮೂರೂ ಸೇರಿ ಒಂದು ಮಧ್ಯಾಹ್ನದೊಳಗೆ ಮುಗಿಯಿತು. ಆ ಬಾರ್‌ಕೋಡ್ ಪ್ಲಗಿನ್ ಇನ್ನೂ ನನ್ನ ಫೋಲ್ಡರ್‌ನಲ್ಲೇ ಇದೆ, ಈಗ ಅದರ ಯಜಮಾನ ನಾನೇ.