ಕೆಂಪು ಚುಕ್ಕಿ ಓಡುತ್ತಿದೆ, ಯಾವ ನುಸಿ ಇದು?

ಮಾರ್ಚ್ ಬಂದರೆ ಜಯನಗರದ ನಮ್ಮ ಟೆರೇಸ್ ಗೋಡೆ ಮೇಲೆ ಕೆಂಪು ಚುಕ್ಕಿಗಳ ಓಡಾಟ ಶುರು. ಪಕ್ಕದ ಗುಲಾಬಿ ಕುಂಡದಲ್ಲೂ ಕೆಂಪು ಹುಳ. ಎರಡೂ ಒಂದೇ ಅಂದುಕೊಂಡು ಔಷಧಿ ಹೊಡೆದೆ, ಸುಮ್ನೆ ದುಡ್ಡು ದಂಡ.

ಗೋಡೆ ಮೇಲಿನದು ಸುಮಾರು 1 ಮಿಲಿಮೀಟರ್, ಬಿಸಿಲಲ್ಲಿ ದಿಕ್ಕಿಲ್ಲದೆ ಓಡುತ್ತದೆ, ಪರಾಗ ಮತ್ತು ಸಣ್ಣಪುಟ್ಟ ಹುಳ ತಿನ್ನುತ್ತದೆ. ಒರೆಸಿದರೆ ಕೆಂಪು ಕಲೆ ಆಗುತ್ತದೆ. ಅದು ರಕ್ತ ಅಲ್ಲ, ಅದರ ಮೈಬಣ್ಣ. ಪೈಪಿನಲ್ಲಿ ನೀರು ಬಿಟ್ಟರೆ ಸಾಕು.

ತಲೆನೋವು ಗುಲಾಬಿಯದು. ಅದು ಜೇಡ ನುಸಿ. ಅರ್ಧ ಮಿಲಿಮೀಟರ್ ಅಷ್ಟೇ, ಎಲೆಯ ಅಡಿಯಲ್ಲಿ ಕೂತು ರಸ ಹೀರುತ್ತದೆ. ಎಲೆ ಮೇಲೆ ರವೆ ಚೆಲ್ಲಿದಂತೆ ಹಳದಿ ಚುಕ್ಕಿ, ತೊಟ್ಟಿನ ಸಂದಿಯಲ್ಲಿ ನವಿರಾದ ಬಲೆ. ಎಲೆ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟಿ, ಉದುರಿದ ಚುಕ್ಕಿ ನಿಧಾನಕ್ಕೆ ತೆವಳಿದರೆ ಇದೇ ಅನ್ನಬಹುದು. ಎಂಟು ಕಾಲಿನ ಜೀವಿ, ಕೀಟ ಅಲ್ವಲ್ಲ, ಹಾಗಾಗಿ ಎಷ್ಟೋ ಕೀಟನಾಶಕಗಳಿಗೆ ಇದು ಬಗ್ಗುವುದಿಲ್ಲ. ಇದನ್ನು ತಿನ್ನುವ ಒಳ್ಳೆಯ ಹುಳಗಳು ಸತ್ತು ಇದೇ ಜಾಸ್ತಿಯಾಗುತ್ತದೆ. ಎಲೆಯಡಿಗೆ ಜೋರಾಗಿ ನೀರು ಹೊಡೆಯಿರಿ, ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ.

ಬಾಲ್ಕನಿಯಲ್ಲಿ ಪಾರಿವಾಳದ ಗೂಡಿದ್ದು ರಾತ್ರಿ ಮೈ ಕಡಿಯುತ್ತಿದೆಯಾ? ಅದು ಹಕ್ಕಿ ನುಸಿ ಇರಬಹುದು. ಹಸಿದಾಗ ಬೂದು, ರಕ್ತ ಕುಡಿದ ಮೇಲೆ ಕೆಂಪು. ಮರಿ ಹಾರಿಹೋದ ಮೇಲೆ ಮಾಸ್ಕ್ ಹಾಕಿಕೊಂಡು ಗೂಡು ತೆಗೆಯಿರಿ.

ಮೊದಲ ಮಳೆಗೆ ಮಣ್ಣಿಂದ ಏಳುವ ಮಖಮಲ್ ಹುಳವೂ ನುಸಿಯೇ. ಮುಟ್ಟಿದರೆ ಕಾಲು ಮಡಚಿಕೊಳ್ಳುತ್ತದೆ, ಪಾಪ. ಮಕ್ಕಳಿಗೆ ತೋರಿಸಿ ಅಲ್ಲೇ ಬಿಟ್ಟುಬಿಡಿ.