ಬೆರಳಚ್ಚು, ಹಲ್ಲು, ಡಿಎನ್‌ಎ: ಮೃತರ ಗುರುತಿಗೆ ಯಾವುದು ಮೊದಲು?

ಸಾಮೂಹಿಕ ದುರಂತದಲ್ಲಿ ಗುರುತು ಖಚಿತಪಡಿಸಲು ಇಂಟರ್‌ಪೋಲ್ ಮಾರ್ಗಸೂಚಿ ಹೇಳುವ ಪ್ರಧಾನ ಆಧಾರ ಈ ಮೂರೇ.

ದೇಹ ಹೆಚ್ಚು ಕೆಡದಿದ್ದರೆ ಬೆರಳಚ್ಚೇ ಮೊದಲು. ಬೇಗ ಆಗುತ್ತದೆ, ಖರ್ಚೂ ಕಡಿಮೆ. ನೀರಲ್ಲಿ ನೆನೆದು ಕೈಯ ಚರ್ಮ ಕಳಚಿ ಬಂದಿದ್ದರೂ ಕೈಬಿಡಬೇಡಿ. ಆ ತೆಳು ಚರ್ಮವನ್ನು ಮೆಲ್ಲಗೆ ತೊಳೆದು, ಒರೆಸಿ, ಕೈಗವಸು ತೊಟ್ಟ ನಿಮ್ಮ ಬೆರಳಿಗೇ ಏರಿಸಿ ಅಚ್ಚು ತೆಗೆಯಬಹುದು. ತೊಡಕೆಂದರೆ ಹೋಲಿಸಲು ಹಳೆಯ ಅಚ್ಚು ಬೇಕು. ಪುಟ್ಟ ಮಕ್ಕಳದು ಹೆಚ್ಚಾಗಿ ಸಿಗುವುದಿಲ್ಲ.

ಬೆಂಕಿಗೆ ಸಿಕ್ಕಿದ್ದರೆ ಹಲ್ಲು ನೋಡಿ. 2004ರ ಸುನಾಮಿಯ ಬಳಿಕ ಥಾಯ್ಲೆಂಡ್‌ನಲ್ಲೂ ಆರಂಭದ ತಿಂಗಳುಗಳಲ್ಲಿ ಹೆಚ್ಚಿನ ಗುರುತು ಸಿಕ್ಕಿದ್ದು ಹಲ್ಲಿನಿಂದಲೇ. ಸುಟ್ಟ ಹಲ್ಲು ಮುಟ್ಟಿದರೆ ಪುಡಿಯಾಗುತ್ತದೆ, ಹಾಗಾಗಿ ಸಾಗಿಸುವ ಮೊದಲೇ ತಲೆಗೆ ಹೊದಿಕೆ ಸುತ್ತಿ.

ದೇಹ ಛಿದ್ರವಾಗಿದ್ದರೆ ಡಿಎನ್‌ಎ ಬಿಟ್ಟು ದಾರಿಯಿಲ್ಲ. ಕೊಳೆತಿದ್ದರೆ ತೊಡೆಮೂಳೆ ಅಥವಾ ಹುಳುಕಿಲ್ಲದ ದವಡೆಹಲ್ಲು ತೆಗೆದುಕೊಳ್ಳಿ. ಆ ಮಾದರಿಯನ್ನು ಫಾರ್ಮಲಿನ್‌ನಲ್ಲಿ (ಅಂಗಾಂಶ ಕೊಳೆಯದಂತೆ ಇಡುವ ರಾಸಾಯನಿಕ ದ್ರಾವಣ) ಇಟ್ಟರೆ ಡಿಎನ್‌ಎ ಹಾಳಾಗುತ್ತದೆ. ಹೋಲಿಕೆಗೆ ತಂದೆ-ತಾಯಿ ಅಥವಾ ಮಕ್ಕಳ ಮಾದರಿ ಉತ್ತಮ; ಒಬ್ಬ ಸಹೋದರನದು ಮಾತ್ರ ಇದ್ದರೆ ಸಾಲದೆ ಹೋಗಬಹುದು.

ಮುಖ, ಬಟ್ಟೆ, ಉಂಗುರ ನೋಡಿದ್ದಷ್ಟರಿಂದಲೇ ದೇಹ ಒಪ್ಪಿಸಲೇಬೇಡಿ. ದುಃಖದಲ್ಲಿರುವ ತಾಯಿ ಬೇರೆಯವರ ಮಗನನ್ನು ತನ್ನವನೆಂದು ಅಪ್ಪಿಕೊಳ್ಳಬಹುದು. ಆದರೆ ಮನೆಯವರಿಗೆ ಕೊನೆಗೆ ಉಳಿಯುವುದು ಆ ಉಂಗುರವೊಂದೇ ಇರಬಹುದು, ಅದನ್ನು ಜೋಪಾನ ಮಾಡಿ: ದೇಹದ ಸಂಖ್ಯೆಯನ್ನೇ ಅದಕ್ಕೂ ಬರೆಯಿರಿ. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಚೀಲಕ್ಕೆ ಹಾಕಿ. ಹಿಂತಿರುಗಿಸುವಾಗ ತೊಳೆಯಬೇಕೇ, ಇದ್ದಂತೆಯೇ ಕೊಡಬೇಕೇ ಎಂದು ಮನೆಯವರನ್ನೇ ಕೇಳಿ.