ಜ್ಯೂರಿಯೋ, ಜಡ್ಜ್ ಒಬ್ಬರೇ ಸಾಕೋ?

ಅಮೆರಿಕದಲ್ಲಿ ಕ್ರಿಮಿನಲ್ ಕೇಸು ಮೈಮೇಲೆ ಬಂದರೆ ಜ್ಯೂರಿ (ತಪ್ಪಿತಸ್ಥರೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ಜನರ ತಂಡ) ಒಳ್ಳೆಯದೋ, ಜಡ್ಜ್ ಒಬ್ಬರೇ ತೀರ್ಮಾನಿಸುವುದು ಒಳ್ಳೆಯದೋ ಅಂತ ಕೇಳಿದ್ದೀರಿ.

ಪೂರ್ವಗ್ರಹದ ಭಯವಿದ್ದರೆ ಜ್ಯೂರಿಗೆ ಜನರನ್ನು ಹೇಗೆ ಆರಿಸುತ್ತಾರೆ ಎನ್ನುವುದನ್ನೇ ಮೊದಲು ನೋಡಿ. ಕಾರಣ ಹೇಳದೆ ಕೆಲವರನ್ನು ಕೈಬಿಡಲು ಹೆಚ್ಚಿನ ರಾಜ್ಯಗಳಲ್ಲಿ ವಕೀಲರಿಗೆ ಅವಕಾಶವಿದೆ. ಬಣ್ಣ ನೋಡಿ ಬಿಡಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟಿನ 1986ರ ಬ್ಯಾಟ್ಸನ್ ತೀರ್ಪು ಹೇಳಿತು. ಆದರೂ ಮಿಸಿಸಿಪ್ಪಿ ರಾಜ್ಯದಲ್ಲಿ ಕೊಲೆ ಆರೋಪ ಎದುರಿಸಿದ್ದ ಕರ್ಟಿಸ್ ಫ್ಲವರ್ಸ್ ಕೇಸು ನೋಡಿ: ಆರು ವಿಚಾರಣೆ, ಬಿಡಬಹುದಾಗಿದ್ದ 42 ಕಪ್ಪುಜನರಲ್ಲಿ 41 ಮಂದಿಯನ್ನು ಸರ್ಕಾರಿ ವಕೀಲರು ಬಿಟ್ಟಿದ್ದರು!

ಹಾಗಂತ ಜ್ಯೂರಿ ಬೇಡವೇ ಬೇಡ ಅಂತಲ್ಲ. ಗಂಭೀರ ಅಪರಾಧಕ್ಕೆ ಶಿಕ್ಷೆಯಾಗಲು ಎಲ್ಲರೂ ಒಪ್ಪಬೇಕು. ಒಬ್ಬರು ಒಪ್ಪದೆ ಪಟ್ಟು ಹಿಡಿದರೂ ಸಾಕು, ಆ ಜ್ಯೂರಿಯಿಂದ ಶಿಕ್ಷೆಯಾಗದು. ಜಡ್ಜ್ ಒಬ್ಬರೇ ಇದ್ದರೆ ಆ ಕಾವಲಿಲ್ಲ, ಆದರೆ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ.

ಸಾಕ್ಷಿಯ ಮಾತೇ ಅನುಮಾನವಾದರೆ ಜ್ಯೂರಿ. ಊರೆಲ್ಲ ಸುದ್ದಿಯಾಗಿದ್ದರೆ, ವಾದ ಕಾನೂನಿನ ಮೇಲಿದ್ದರೆ ಜಡ್ಜ್. ಆದರೆ ಫೆಡರಲ್ (ಕೇಂದ್ರ ಸರ್ಕಾರದ) ಕೋರ್ಟಿನಲ್ಲಿ ಜ್ಯೂರಿ ಬೇಡ ಎನ್ನಲೂ ಸರ್ಕಾರಿ ವಕೀಲರು ಒಪ್ಪಬೇಕು, ಜಡ್ಜೂ ಒಪ್ಪಬೇಕು.